ಒಳಬಾಗಿಲಿನ ಹೊಳಪು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಮೊದಲು ಆಡಿದವನು ಮನೆಗೆ ಬಣ್ಣ ಹೊಡೆಸಿದವನಲ್ಲವೆಂಬುದು ನಿಶ್ಚಯ. ಹೊಡೆಸಿದ್ದರೆ ಗಾದೆಗೆ ಮೂರನೆಯ ತುಂಡೊಂದು ಸೇರದೆ ಇರುತ್ತಿರಲಿಲ್ಲ. ಮನೆ ಕಟ್ಟುವಾಗ ಯಜಮಾನನು ಬಡಗಿಯ ಮಾತಿಗೂ ಗಾರೆಯವನ ಮಾತಿಗೂ ತಲೆದೂಗುತ್ತಾನೆ. ಮದುವೆಯಲ್ಲಿ ಪುರೋಹಿತರಿಗೂ ಬೀಗರಿಗೂ ತಲೆಬಾಗುತ್ತಾನೆ. ಬಣ್ಣದ ವಿಷಯದಲ್ಲಾದರೋ ಮನೆಯಲ್ಲಿ ಕಣ್ಣಿರುವವರೆಲ್ಲರೂ ಪಂಡಿತರೇ. ಗೋಡೆಯ ಮಾತು ಹೇಗೋ ಒಂದು ಇತ್ಯರ್ಥಕ್ಕೆ ಬರುವುದುಂಟು. ಒಳಬಾಗಿಲುಗಳ ಸರದಿ ಬಂದೊಡನೆ ಬಣ್ಣದಂಗಡಿಯವನು, "ಪೂರ್ತಿ ಹೊಳಪಿನದು ಬೇಕೊ, ಅರೆಹೊಳಪಿನದೊ, ಮಂಕಿನದೊ?" ಎಂದು ಕೇಳುತ್ತಾನೆ. ಬಣ್ಣ ಯಾವುದೆಂಬುದನ್ನು ಮಾತ್ರ ನಿಶ್ಚಯಿಸಿಕೊಂಡು ಹೋಗಿದ್ದ ಗೃಹಸ್ಥನು ಬರಿಗೈಯಲ್ಲಿ ಹಿಂದಿರುಗುತ್ತಾನೆ; ಮನೆಯಲ್ಲಿ ವಾದವು ಪುನಃ ಮೊದಲಾಗುತ್ತದೆ.

ಕೇಳುವುದಕ್ಕೆ ಇದು ಅಲ್ಪವಿಷಯ. ಆದರೆ ಮನೆಯಲ್ಲಿ ಮನುಷ್ಯನ ಕೈಗೆ ಬಾಗಿಲಿನಷ್ಟು ಸಾರಿ ಸಿಕ್ಕುವ ವಸ್ತು ಬೇರೆ ಯಾವುದಿದೆ? ಬೆಳಗಿನ ಜಾವ ಕತ್ತಲೆಯಲ್ಲಿ ಎದ್ದವರು ಮೊದಲು ತಡಕುವುದು ಕದವನ್ನು. ಹಿಟ್ಟು ಮೆತ್ತಿದ ಕೈ, ಎಣ್ಣೆಯ ಕೈ, ಬೆಲ್ಲ ತಿಂದ ಮಕ್ಕಳ ಕೈ, ಎಲ್ಲವೂ ಅದರ ಮೇಲೆ ಬೀಳುತ್ತವೆ. ಹಳೆಯ ಮನೆಗಳಲ್ಲಿ ಚಿಲಕದ ಸುತ್ತ ಒಂದು ಗೇಣು ಜಾಗವಾದರೂ ಕಪ್ಪಾಗಿರುವುದು ಸಾಮಾನ್ಯ. ಬಾಗಿಲುವಾಡಕ್ಕೆ ಒರಗಿ ಕುಳಿತು ಮಾತನಾಡುವುದು ಹಿರಿಯರ ವಾಡಿಕೆ. ಅವರು ಕಾಲವಾಗಿ ಎಷ್ಟೋ ವರ್ಷಗಳಾದ ಮೇಲೂ ಅವರ ತಲೆಯೆಣ್ಣೆಯ ಗುರುತು ಅವರು ಕುಳಿತಿದ್ದ ಎತ್ತರವನ್ನು ಹೇಳುತ್ತಿರುತ್ತದೆ. ಆದುದರಿಂದ ಬಾಗಿಲಿನ ಹೊಳಪನ್ನು ಆರಿಸುವವರು ಕಣ್ಣನ್ನು ಕೇಳುವುದಕ್ಕೆ ಮುಂಚೆ ಕೈಯನ್ನು ಕೇಳುವುದು ಲೇಸು. ಅದನ್ನು ಮುಟ್ಟುವವರು ಯಾರು, ಯಾವ ಕೆಲಸದ ನಡುವೆ ಮುಟ್ಟುವವರು, ನೆಲದಿಂದ ಎಷ್ಟು ಎತ್ತರದಲ್ಲಿ ಮುಟ್ಟುವವರು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಹೊಳಪು ಎಲ್ಲಿಂದ ಬರುತ್ತದೆಂಬುದನ್ನು ಅಡಿಗೆಯ ಮನೆಯಲ್ಲಿಯೇ ಕಾಣಬಹುದು. ಚಟ್ನಿಪುಡಿಗೆ ಎಣ್ಣೆಯನ್ನು ಧಾರಾಳವಾಗಿ ಹಾಕಿದರೆ ಪುಡಿಯೆಲ್ಲ ಮುಳುಗಿ ಮೇಲುಮೈ ಮಿರುಗುತ್ತದೆ. ಎಣ್ಣೆ ಕಡಮೆಯಾದರೆ ಪುಡಿಯ ಕಣಗಳು ತಲೆಯೆತ್ತಿ ಮಂಕಾಗಿ ಕಾಣುತ್ತವೆ. ಬಣ್ಣದ ಡಬ್ಬದಲ್ಲಿಯೂ ಇರುವುದು ಇಷ್ಟೇ: ಬಣ್ಣ ಕೊಡುವ ಪುಡಿ, ಅದನ್ನು ಹಿಡಿದುಕೊಳ್ಳುವ ಎಣ್ಣೆ ಅಥವಾ ರಾಳ, ಇವೆರಡನ್ನೂ ತೆಳ್ಳಗೆ ಮಾಡಿ ಹಾರಿಹೋಗುವ ದ್ರವ. ರಾಳ ಹೆಚ್ಚಿದ್ದಲ್ಲಿ ಒಣಗಿದ ಮೈ ನುಣುಪಾಗಿ, ಬಿದ್ದ ಬೆಳಕನ್ನು ಕನ್ನಡಿಯಂತೆ ಒಂದೇ ಕಡೆಗೆ ಹಿಂದಿರುಗಿಸುತ್ತದೆ. ಪುಡಿ ಹೆಚ್ಚಿದ್ದಲ್ಲಿ ಮೈ ಸೂಕ್ಷ್ಮವಾಗಿ ಒರಟಾಗಿ, ಬೆಳಕು ನಾನಾ ದಿಕ್ಕಿಗೆ ಚೆದರುತ್ತದೆ. ಹೊಳೆಯ ಕಲ್ಲು ನೀರಿನಲ್ಲಿ ಇರುವಾಗ ಥಳಥಳಿಸಿ, ಮನೆಗೆ ತಂದು ಒಣಗಿಸಿದಾಗ ಬೂದುಬಣ್ಣವಾಗುವುದಕ್ಕೂ ಇದೇ ಕಾರಣ.

ಇದರ ಫಲಾಫಲಗಳು ಸ್ಪಷ್ಟವಾಗಿವೆ. ಪೂರ್ತಿ ಹೊಳಪಿನ ಎನಾಮೆಲಿನ ಮೈಯೊಳಕ್ಕೆ ಎಣ್ಣೆಯೂ ಮಸಿಯೂ ಸುಲಭವಾಗಿ ಇಳಿಯವು. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಆದರೆ ಅದು ಚಾಡಿಕೋರ. ಹಲಗೆಯ ಗಂಟು, ಬಡಗಿಯ ಉಳಿಯ ಏಟು, ಪುಟ್ಟಿ ಮೆತ್ತಿದ ಗುಳಿ, ಯಾವುದನ್ನೂ ಬಚ್ಚಿಡುವುದಿಲ್ಲ. ಮಂಕುಬಣ್ಣ ಇವುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಜೊತೆಗೆ ಕೈಯ ಎಣ್ಣೆಯನ್ನೂ ಹಾಕಿಕೊಳ್ಳುತ್ತದೆ. ಕಲೆಯನ್ನು ತೆಗೆಯಲೆಂದು ತಿಕ್ಕಿದರೆ ತಿಕ್ಕಿದಷ್ಟು ಜಾಗ ಮಾತ್ರ ಮಿರುಗುತ್ತ, ಕಲೆಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಇವೆರಡರ ನಡುವೆ ಇರುವ ಅರೆಹೊಳಪನ್ನು ಬಣ್ಣದವರು ಕೆಲವು ವೇಳೆ ಮೊಟ್ಟೆಯ ಚಿಪ್ಪಿಗೂ ಕೆಲವು ವೇಳೆ ರೇಷ್ಮೆಗೂ ಹೋಲಿಸುತ್ತಾರೆ. ಅದು ಕಲೆಯನ್ನೂ ತಕ್ಕಮಟ್ಟಿಗೆ ತಡೆಯುತ್ತದೆ, ಹಲಗೆಯ ಮಾನವನ್ನೂ ತಕ್ಕಮಟ್ಟಿಗೆ ಕಾಯುತ್ತದೆ.

ಇಷ್ಟು ತಿಳಿದ ಮಾತ್ರಕ್ಕೆ ವಾದ ನಿಲ್ಲುವುದಿಲ್ಲ. ಮೂರು ತಲೆಮಾರಿನವರು ಒಟ್ಟಿಗೆ ವಾಸಿಸುವ ಒಂದು ತೊಟ್ಟಿಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ವೈಶಾಖದಲ್ಲಿ ಮಗಳ ಮದುವೆ. ದೇವರ ಮನೆ, ಅಡಿಗೆಯ ಮನೆ, ಉಗ್ರಾಣ, ಬಚ್ಚಲು, ಎರಡು ಕೋಣೆ, ಹೀಗೆ ಆರು ಒಳಬಾಗಿಲುಗಳು. ಯಜಮಾನರಿಗೆ ಎಲ್ಲವೂ ಕನ್ನಡಿಯಂತೆ ಹೊಳೆಯಬೇಕು. ಬೀಗರ ಕಣ್ಣಿಗೆ ಹೊಸದಾಗಿ ಕಾಣಬೇಕಲ್ಲ! ಪಟ್ಟಣದಲ್ಲಿ ಓದಿದ ಮಗಳಿಗೆ ಹೊಳಪೆಂದರೆ ಆಸ್ಪತ್ರೆಯ ನೆನಪು. ಮೇಸ್ತ್ರಿಗೆ ಎರಡು ದಿನದಲ್ಲಿ ಮುಗಿಯುವುದು ಯಾವುದೋ ಅದೇ ಶ್ರೇಷ್ಠ. ಯಜಮಾನರ ತಾಯಿ ಮಾತ್ರ ಏನನ್ನೂ ಹೇಳದೆ, ಒರಗಿ ಕುಳಿತ ಬಾಗಿಲುವಾಡವನ್ನೇ ಬೆರಳಿನಿಂದ ಸವರುತ್ತಿರುತ್ತಾರೆ. ಸೊಸೆಯ ಮಗು ಎಂಟು ತಿಂಗಳಿನದು. ಈಗತಾನೆ ಅಂಬೆಗಾಲಿಕ್ಕುತ್ತ ಹೊಸ್ತಿಲಿನಿಂದ ಹೊಸ್ತಿಲಿಗೆ ಸಂಚರಿಸುತ್ತಿದೆ. ಅದರ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಮೊದಲು ನೋಡಬೇಕಾದದ್ದು ಮರ. ದೇವರ ಮನೆಯ ಕದ ಹಲಸಿನದು. ಹೊಸದರಲ್ಲಿ ಅರಿಶಿನದಂತಿದ್ದದ್ದು ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೂ ಆಮೇಲೆ ಕಂದಿಗೂ ತಿರುಗಿದೆ. ಇಂಥ ಮರವನ್ನು ಎನಾಮೆಲಿನಿಂದ ಮುಚ್ಚುವುದು ಮುತ್ತಿನ ಸರವನ್ನು ಗಂಟುಕಟ್ಟಿ ಕೊರಳಿಗೆ ಹಾಕಿಕೊಂಡಂತೆ. ಇದಕ್ಕೆ ಸಲ್ಲುವುದು ಅರಗಿನ ಪಾಲಿಷು. ಮುತ್ತುಗ, ಎಲಚಿ ಮೊದಲಾದ ಮರಗಳ ಕೊಂಬೆಯಲ್ಲಿ ಒಂದು ಸಣ್ಣ ಕೀಟವು ಸ್ರವಿಸುವ ಅಂಟೇ ಅರಗು. ಅದನ್ನು ಶುದ್ಧಮಾಡಿ ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳ್ಳಗೆ ಮತ್ತೆ ಮತ್ತೆ ಸವರಿದರೆ ಮರದ ಎಳೆಗಳು ಒಳಗಿನಿಂದ ಬೆಳಗುತ್ತವೆ. ಕರ್ಣಾಟಕಕ್ಕೆ ಅರಗು ಪರಕೀಯವಲ್ಲ. ಚನ್ನಪಟ್ಟಣದ ಕುಶಲಿಗಳು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಾಟದ ಬಿಸಿಯಿಂದಲೇ ಅದನ್ನು ಕರಗಿಸಿ ಹಚ್ಚುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಮೈಸೂರಿನಲ್ಲಿ ಸ್ಥಾಪಿತವಾದ ಬಣ್ಣದ ಕಾರ್ಖಾನೆಯ ಹೆಸರಿನಲ್ಲಿಯೇ ಅರಗು ಸೇರಿತ್ತು. ೧೯೬೨ರ ಮಹಾಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಹಚ್ಚುವ ಶಾಯಿಯಿಂದ ಅದು ದೇಶಕ್ಕೆಲ್ಲ ಪರಿಚಿತವಾಯಿತು.

ಅರಗಿಗೆ ಒಂದು ದೊಡ್ಡ ಗುಣವುಂಟು: ಮಾಸಿದಲ್ಲಿ ಹಳೆಯದನ್ನು ಕೆರೆಯದೆ ಅದರ ಮೇಲೆಯೇ ಹೊಸದನ್ನು ಸವರಬಹುದು, ಹೊಸದು ಹಳೆಯದನ್ನು ಸ್ವಲ್ಪ ಕರಗಿಸಿ ಅದರಲ್ಲಿ ಬೆರೆತುಕೊಳ್ಳುತ್ತದೆ. ಅದರ ದೋಷವೂ ಅಷ್ಟೇ ಪ್ರಸಿದ್ಧವಾದದ್ದು. ನೀರು ನಿಂತರೆ ಬೆಳ್ಳಗಾಗುತ್ತದೆ, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಆದುದರಿಂದ ದೇವರ ಮನೆಗೆ ಅದು ಭೂಷಣ. ಬಚ್ಚಲಿಗೂ ಅಡಿಗೆಯ ಮನೆಗೂ ಸಲ್ಲದು. ಕೋಣೆಗಳ ಕದ ತೇಗದ್ದಾಗಿದ್ದು ಅದಕ್ಕೆ ವಾರ್ನಿಷು ಹಾಕುವುದಾದರೆ, ತೇಗದ ಮೈಯಲ್ಲಿ ಸ್ವಭಾವವಾಗಿಯೇ ಎಣ್ಣೆಯಿರುವುದರಿಂದ ಮೊದಲು ಸ್ಪಿರಿಟಿನ ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು; ಇಲ್ಲವಾದರೆ ವಾರ್ನಿಷು ಬೇಗ ಒಣಗದೆ ಕಾಡಿಸುತ್ತದೆ. ಬರಿಯ ಅಗಸೆ ಎಣ್ಣೆಯನ್ನು ಉಜ್ಜುವವರೂ ಉಂಟು. ಆ ಎಣ್ಣೆ ಒಣಗುವುದೆಂದರೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ಹಾಗೆ ಹೀರುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ಮುದ್ದೆಮಾಡಿ ಎಸೆದರೆ, ಕಿಡಿಯನ್ನು ಯಾರೂ ತಾಗಿಸದಿದ್ದರೂ ಅವು ತಾವಾಗಿ ಹೊತ್ತಿಕೊಳ್ಳಬಲ್ಲವು. ಅವನ್ನು ಬಯಲಿನಲ್ಲಿ ಬಿಡಿಬಿಡಿಯಾಗಿ ಹರಡಿ ಒಣಗಿಸಬೇಕು, ಅಥವಾ ನೀರಿನಲ್ಲಿ ನೆನೆಹಾಕಬೇಕು.

ಎರಡನೆಯದಾಗಿ ನೋಡಬೇಕಾದದ್ದು ಮಳೆ. ಮರವು ತೇವವನ್ನು ಕುಡಿದು ಅಡ್ಡಡ್ಡವಾಗಿ ಉಬ್ಬುತ್ತದೆ. ಆರಿದ್ರೆಯ ಮಳೆ ಹಿಡಿದಾಗ ಬಾಗಿಲು ಬಿಗಿದು ಚಿಲಕ ಬೀಳದೆ, ಸಹನೆಯಿಲ್ಲದ ಗೃಹಸ್ಥನು ಬಡಗಿಯನ್ನು ಕರೆಸಿ ಅಂಚನ್ನು ಹೆರೆಸುತ್ತಾನೆ. ಬೇಸಗೆ ಬಂದಾಗ ಅದೇ ಬಾಗಿಲಿನ ಸಂದಿನಲ್ಲಿ ಬೆರಳು ತೂರುತ್ತದೆ. ಬಾಗಿಲಿನ ಎರಡು ಮೈಗೂ ಬಣ್ಣ ಬಳಿದು, ಕಣ್ಣಿಗೆ ಕಾಣದ ಮೇಲಂಚನ್ನೂ ಕೆಳಂಚನ್ನೂ ಹಾಗೆಯೇ ಬಿಡುವುದು ಮೇಸ್ತ್ರಿಗಳ ಹಳೆಯ ಜಾಣತನ. ಮರದ ತುದಿಗಳು ನೀರನ್ನು ಅತಿಶಯವಾಗಿ ಹೀರುವುದು ಅಲ್ಲಿಯೇ. ಕದವನ್ನು ಕೀಲಿನಿಂದ ಬಿಚ್ಚಿಸಿ ಆರು ಮೈಗೂ ಬಣ್ಣ ಹಾಕಿಸಿದವನಿಗೆ ಮಳೆಗಾಲದಲ್ಲಿ ಕಷ್ಟ ಕಡಮೆ. ಮರ ಒಣಗಿರುವ ಮಾಘ ಫಾಲ್ಗುಣಗಳು ಈ ಕೆಲಸಕ್ಕೆ ತಕ್ಕ ಕಾಲ. ಬಚ್ಚಲಿನ ಬಾಗಿಲಿಗಂತೂ ಪೂರ್ತಿ ಹೊಳಪಿನ ಎನಾಮೆಲೇ ಸರಿ. ಅಲ್ಲಿ ಅಂದಕ್ಕಿಂತ ಆಯುಷ್ಯ ಮುಖ್ಯ.

ಮೂರನೆಯದು ಬೆಳಕು. ನಡುಮನೆಯ ಕಿಟಕಿಗೆ ಎದುರಾಗಿರುವ ಕೋಣೆಯ ಕದಕ್ಕೆ ಪೂರ್ತಿ ಹೊಳಪು ಕೊಟ್ಟರೆ ಮಧ್ಯಾಹ್ನದ ಬಿಸಿಲು ಅದರಲ್ಲಿ ಝಳಪಿಸುತ್ತದೆ. ಎಳೆಯ ಕಣ್ಣಿಗೆ ಇದು ಸೊಗಸು. ಪೊರೆ ಬಂದ ಕಣ್ಣಿಗೆ ಸಂಕಟ. ಯಜಮಾನರ ತಾಯಿ ಮಧ್ಯಾಹ್ನ ಕುಳಿತುಕೊಳ್ಳುವ ಜಾಗ ಆ ಕದದ ಎದುರಿನದು ಎಂಬುದನ್ನು ಮಗಳು ನೆನಪುಮಾಡಿದಳು; ಆ ಒಂದು ಮಾತಿನಿಂದ ಎರಡೂ ಕೋಣೆಗಳಿಗೆ ಅರೆಹೊಳಪು ನಿಶ್ಚಯವಾಯಿತು. ಬೆಳಕು ಇಲ್ಲದಿರುವುದೂ ಒಂದು ಬಾಧೆಯೇ. ಎಣ್ಣೆಯ ಜಾತಿಯ ಬಿಳಿಯ ಎನಾಮೆಲು ಕತ್ತಲೆಯಲ್ಲಿ ಬರಬರುತ್ತ ಹಳದಿಗೆ ತಿರುಗುತ್ತದೆ. ಉಗ್ರಾಣದ ಬಾಗಿಲಿಗೆ ಬಿಳಿ ಬಳಿಸಿದವರು ಕೆಲವು ವರ್ಷಗಳಲ್ಲಿ ಅದನ್ನು ಹಳೆಯ ಪಂಚಾಂಗದ ಬಣ್ಣದಲ್ಲಿ ಕಾಣುತ್ತಾರೆ. ಈಗ ದೊರೆಯುವ, ನೀರಿನಲ್ಲಿ ಕಲೆಸಿದ ಎನಾಮೆಲುಗಳಿಗೆ ಈ ದೋಷ ಇಲ್ಲವೆನ್ನಬಹುದು, ವಾಸನೆಯೂ ಕಡಮೆ. ಆದರೆ ಅವು ಬೇಗ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗುವುದಕ್ಕೆ ಹಲವು ದಿನ ಬೇಕು. ಅಷ್ಟರೊಳಗೆ ಬಾಗಿಲನ್ನು ಬಿಗಿಯಾಗಿ ಮುಚ್ಚಿದರೆ ಕದವೂ ಚೌಕಟ್ಟೂ ಅಂಟಿಕೊಂಡು, ತೆರೆಯುವಾಗ ಬಣ್ಣ ಕಿತ್ತುಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಹಳೆಯ ಬಣ್ಣದ ವಿಚಾರ. ಅಡಿಗೆಯ ಮನೆಯ ಕದವನ್ನು ಮೇಸ್ತ್ರಿ ಒಂದು ಮೂಲೆಯಲ್ಲಿ ಕೆರೆದು ನೋಡಿದಾಗ ಬೂದಿಯ ಬಣ್ಣದ ಕೆಳಗೆ ಹಸುರು, ಹಸುರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಹಳದಿ ತೋರಿದವು. ಹಸುರು ಯಜಮಾನರ ಮದುವೆಯದು, ನೀಲಿ ಅವರ ಉಪನಯನದ್ದು, ಹಳದಿ ಅವರ ತಾಯಿ ಈ ಮನೆಗೆ ಬಂದ ವರ್ಷದ್ದು. ಮನೆತನದ ಬಖೈರನ್ನು ಬರೆದಿಟ್ಟವರಿಲ್ಲದಿದ್ದರೂ ಕದವು ಬರೆದಿಟ್ಟುಕೊಂಡಿತ್ತು. ಮೇಸ್ತ್ರಿಯು ಮರಳುಕಾಗದವನ್ನು ಕೈಗೆ ತೆಗೆದುಕೊಂಡು, "ಎಲ್ಲವನ್ನೂ ಉಜ್ಜಿ ತೆಗೆದುಬಿಡುತ್ತೇನೆ, ಸ್ವಾಮಿ" ಎಂದನು. ಎಲ್ಲರೂ ಎಚ್ಚರಗೊಳ್ಳಬೇಕಾದ ಗಳಿಗೆ ಅದೇ.

ಏಕೆಂದರೆ ಆ ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವ ಬಹಳ. ಬಿಳುಪಿಗೆ ಸೀಸ, ಉಜ್ಜ್ವಲವಾದ ಹಳದಿಗೆ ಸೀಸ, ಬೇಗ ಒಣಗುವುದಕ್ಕೆ ಸೀಸ, ಹೀಗೆ ಬಣ್ಣದ ಕಸುಬಿನಲ್ಲಿ ಅದು ಬಹುಕಾಲ ಸರ್ವೋಪಯೋಗಿಯಾಗಿತ್ತು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಎಂಬಾತನು ಮಕ್ಕಳ ಸೀಸವಿಷಕ್ಕೆ ಮನೆಯ ಜಗಲಿಯ ಕಟಕಟೆಗಳ ಬಣ್ಣವೇ ಮೂಲವೆಂದು ೧೯೦೪ರಲ್ಲಿಯೇ ಎತ್ತಿ ತೋರಿಸಿದ್ದನು. ಪುಡಿಯಾಗುತ್ತಿದ್ದ ಬಣ್ಣ ಎಳೆಯ ಬೆರಳಿಗೆ ಮೆತ್ತಿಕೊಂಡು, ಬೆರಳು ಬಾಯಿಗೆ ಹೋಗುತ್ತಿತ್ತು. ಕಟ್ಟಡಗಳ ಒಳಮೈಗೆ ಸೀಸದ ಬಿಳುಪನ್ನು ಬಳಸಬಾರದೆಂಬ ಅಂತಾರಾಷ್ಟ್ರೀಯ ಒಡಂಬಡಿಕೆಯೊಂದು ಜಿನೀವಾದಲ್ಲಿ ೧೯೨೧ರಲ್ಲಿ ಆಯಿತು. ಅಮೆರಿಕವು ಮನೆಗಳ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು ೧೯೭೮ರಲ್ಲಿ. ಭಾರತದಲ್ಲಿ ೨೦೧೬ರಲ್ಲಿ ಹೊರಟ ನಿಯಮವು ೨೦೧೭ರ ನವೆಂಬರಿನಿಂದ ಜಾರಿಗೆ ಬಂದು, ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿನಲ್ಲಿ ೯೦ ಪಾಲನ್ನು ಮೀರಕೂಡದೆಂದು ವಿಧಿಸಿತು. ವೈದ್ಯನ ಮಾತಿಗೂ ಈ ನಿಯಮಕ್ಕೂ ನಡುವೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಕಳೆಯಿತು. ಅಷ್ಟು ಕಾಲವೂ ಮಕ್ಕಳು ಅಂಬೆಗಾಲಿಕ್ಕುತ್ತಲೇ ಇದ್ದವು.

ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಹೀರುವುದಕ್ಕಿಂತ ನಾಲ್ಕೈದು ಪಾಲು ಹೆಚ್ಚನ್ನು ಎಳೆಯ ಮಗುವಿನ ದೇಹ ಹೀರುತ್ತದೆ. ಅದರ ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ. ಇಷ್ಟರವರೆಗೆ ಹಾನಿಯಿಲ್ಲವೆಂದು ಹೇಳಬಹುದಾದ ಅಳತೆಯೇ ಇಲ್ಲ. ಹಳೆಯ ಬಣ್ಣ ಭದ್ರವಾಗಿ ಅಂಟಿಕೊಂಡಿರುವಷ್ಟು ದಿನ ಅಪಾಯ ಅಲ್ಪ; ಅದನ್ನು ಒಣಗಿದ ಹಾಗೆಯೇ ಉಜ್ಜಿ ಧೂಳೆಬ್ಬಿಸಿದಾಗ ಅದು ಮನೆಯನ್ನೆಲ್ಲ ತುಂಬುತ್ತದೆ. ಭದ್ರವಾಗಿರುವುದರ ಮೇಲೆ ಹೊಸ ಬಣ್ಣ ಬಳಿಯುವುದು, ಎದ್ದಿರುವ ಕಡೆ ನೀರು ಹಚ್ಚಿ ತೇವವಾಗಿಯೇ ಕೆರೆಯುವುದು, ಕದ ಚೌಕಟ್ಟಿಗೆ ಉಜ್ಜುವ ಅಂಚನ್ನು ಸರಿಮಾಡಿಸುವುದು, ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ನೆಲವನ್ನು ಒರೆಸುವುದು, ಕೆಲಸ ಮುಗಿಯುವವರೆಗೆ ಮಗುವನ್ನೂ ಬಸುರಿಯರನ್ನೂ ದೂರವಿರಿಸುವುದು, ಇಷ್ಟು ಜಾಗರೂಕತೆ ಅವಶ್ಯಕ. ಸೊಸೆಯು ಮಗುವನ್ನು ಎತ್ತಿಕೊಂಡು ತೌರಿಗೆ ಹೊರಟಳು. ಮೇಸ್ತ್ರಿಯು ಗೊಣಗುತ್ತ ಬಕೀಟಿನಲ್ಲಿ ನೀರು ತಂದನು.

ಕಡೆಯದಾಗಿ ಹೊಸ್ತಿಲುಗಳ ಪ್ರಶ್ನೆ ಬಂದಿತು. ತಾಯಿಗೆ ಬೆನ್ನು ನೋವು. ಶುಕ್ರವಾರ ಶುಕ್ರವಾರ ಬಗ್ಗಿ ಆರು ಹೊಸ್ತಿಲಿಗೆ ಅರಿಶಿನ ಹಚ್ಚುವುದು ಆಗದೆಂದು ಯಜಮಾನರ ಯೋಚನೆ. ಒಮ್ಮೆ ಹಳದಿಯ ಎನಾಮೆಲನ್ನು ಬಳಿಸಿ, ಮೇಲೆ ಕೆಂಪು ಬಿಳುಪಿನ ರಂಗವಲ್ಲಿಯನ್ನೂ ಬರೆಸಿಬಿಟ್ಟರೆ ವರ್ಷಗಳವರೆಗೆ ನಿಶ್ಚಿಂತೆ. ಈಗ ಬಹು ಮನೆಗಳಲ್ಲಿ ಹಾಗೆ ಮಾಡುತ್ತಾರೆ. ಆ ಯೋಚನೆಯಲ್ಲಿ ಇದ್ದದ್ದು ತಾಯಿಯ ಮೇಲಿನ ಕರುಣೆಯೇ ಹೊರತು ಬೇರೆಯಲ್ಲ. ಆದರೆ ಹೊಸ್ತಿಲಿನಷ್ಟು ತುಳಿತಕ್ಕೆ ಸಿಕ್ಕಿ ಸವೆಯುವ ಜಾಗ ಮನೆಯಲ್ಲಿ ಮತ್ತೊಂದಿಲ್ಲ. ಅಂಬೆಗಾಲಿಕ್ಕುವ ಮಗು ಎರಡು ಕೈಯನ್ನೂ ಊರಿ ದಾಟುವುದು ಅದನ್ನೇ. ಸೀಸದ ಪಾಲು ಸಾಮಾನ್ಯವಾಗಿ ಅತ್ಯಧಿಕವಾಗಿರುತ್ತಿದ್ದದ್ದು ಹಳದಿಯ ಎನಾಮೆಲಿನಲ್ಲಿ ಎಂಬುದನ್ನು ನೆನೆದರೆ, ಡಬ್ಬದ ಮೇಲಿನ ಬರಹವನ್ನು ಓದದೆ ಅದನ್ನು ಹೊಸ್ತಿಲಿಗೆ ತರುವ ಧೈರ್ಯ ಯಾರಿಗೂ ಬಾರದು. ಅರಿಶಿನವಾದರೋ ಬಿಸಿಲಿಗೆ ಮಾಸುತ್ತದೆ, ಕಾಲಿಗೆ ಅಂಟುತ್ತದೆ. ಮಗು ಅದನ್ನು ನೆಕ್ಕಿದರೆ ಮೂತಿ ಹಳದಿಯಾಗುವುದಕ್ಕಿಂತ ಹೆಚ್ಚಿನ ಕೇಡಿಲ್ಲ.

ತಾಯಿ ಈ ಲೆಕ್ಕವೊಂದನ್ನೂ ಬಲ್ಲವರಲ್ಲ. ಅವರು ಕೇಳಿದ ಪ್ರಶ್ನೆಯೇ ಬೇರೆ. "ಒಂದೇ ಸಲಕ್ಕೆ ಹಚ್ಚಿಬಿಟ್ಟರೆ ಮುಂದಿನ ಶುಕ್ರವಾರ ನಾನು ಮಾಡುವುದೇನಪ್ಪ?" ಎಂದರು. ಯಜಮಾನರಿಗೆ ಉತ್ತರ ತೋಚಲಿಲ್ಲ. ಬಳಿಕ ತಾಯಿಯೇ, "ಒಂದು ಮಣೆ ಹಾಕಿಕೊಡು, ಕೂತು ಹಚ್ಚುತ್ತೇನೆ" ಎಂದರು. ಹೊಸ್ತಿಲುಗಳು ಬರಿಯ ಮರವಾಗಿಯೇ ಉಳಿದವು. ಬಡಗಿಯಿಂದ ನಾಲ್ಕು ಬೆರಳು ಎತ್ತರದ ಮಣೆಯೊಂದು ಬಂದಿತು. ಬಣ್ಣದ ಲೆಕ್ಕದಲ್ಲಿ ಅದೂ ಸೇರಿತು.

ಹೀಗೆ ಆರು ಬಾಗಿಲಿಗೆ ಮೂರು ಬಗೆಯ ಮೈ ಬಂದಿತು: ದೇವರ ಮನೆಗೆ ಅರಗು, ಬಚ್ಚಲಿಗೆ ಪೂರ್ತಿ ಹೊಳಪು, ಅಡಿಗೆಯ ಮನೆಗೂ ಉಗ್ರಾಣಕ್ಕೂ ಕೋಣೆಗಳಿಗೂ ಅರೆಹೊಳಪು. ಎಲ್ಲವೂ ಒಂದೇ ಬಗೆಯಾಗಿರಬೇಕೆಂಬ ಹಟ ಅಂಗಡಿಯ ಪಟ್ಟಿಗೆ ಅನುಕೂಲವೇ ಹೊರತು ಮನೆಗಲ್ಲ. ಒಂದೊಂದು ಬಾಗಿಲಿನ ಬಾಳು ಒಂದೊಂದು ತೆರ. ಅದನ್ನು ಮುಟ್ಟುವ ಕೈಗಳೂ ಹಾಗೆಯೇ. ಬೀಗರು ಬಂದು ಬಾಗಿಲುಗಳನ್ನು ನೋಡಿದರೋ ಇಲ್ಲವೋ, ಮದುವೆಯ ಗದ್ದಲದಲ್ಲಿ ಯಾರೂ ಗಮನಿಸಿರಲಾರರು. ಮಳೆಗಾಲ ಹಿಡಿಯುವ ವೇಳೆಗೆ ಅಡಿಗೆಯ ಮನೆಯ ಕದದ ಮೇಲೆ, ಚಿಲಕಕ್ಕಿಂತ ಬಹಳ ಕೆಳಗೆ, ಬೆಲ್ಲದ ಐದು ಪುಟ್ಟ ಬೆರಳು ಮೂಡಿರುತ್ತವೆ; ಮಗು ಹಿಡಿದು ನಿಲ್ಲುವುದನ್ನು ಕಲಿತಿರುತ್ತದೆ. ಅರೆಹೊಳಪಿನ ಬಣ್ಣವಾದುದರಿಂದ ಅದನ್ನು ಒರೆಸಬಹುದು. ಅವಸರವೇನೂ ಇಲ್ಲ.